ಮೈಲುತುತ್ತಿನ ಕೆಂಪು: ಹಳೆ ಡ್ರಮ್ಮಿನಲ್ಲಿ ಮಡಕೆ ಸುಡುವುದು ಹೇಗೆ

ಅಡಿಕೆ ತೋಟ ಇರುವ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇದ್ದೇ ಇರುತ್ತದೆ. ಅದರೊಳಗೆ ಮಳೆಗಾಲದಲ್ಲಿ ಮದ್ದು ಬಿಟ್ಟು ಉಳಿದ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದಿನ ಈ ಲೆಕ್ಕ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅದೇ ನೀಲಿ ಹರಳು ಮಣ್ಣಿನ ಮಡಕೆಯ ಮೈಮೇಲೆ ಕೆಂಪು ಬರಿಸುತ್ತದೆ ಅಂತ ನನಗೆ ಗೊತ್ತಾದದ್ದು ಶಾಲೆಯಿಂದ ನಿವೃತ್ತಿಯಾದ ಮೇಲೆ. ಅಷ್ಟು ವರ್ಷ ಮಕ್ಕಳಿಗೆ ಚಿತ್ರ ಹೇಳಿಕೊಟ್ಟವನಿಗೆ, ಅಷ್ಟು ವರ್ಷ ತೋಟಕ್ಕೆ ಮದ್ದು ಬಿಡಿಸಿದವನಿಗೆ, ಎರಡನ್ನೂ ಕೂಡಿಸಿ ನೋಡಬೇಕು ಅಂತ ಹೊಳೆದಿರಲಿಲ್ಲ ನೋಡಿ.

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆಯ ಹಿಂದೆ ಇದುವರೆಗೆ 11 ಸಲ ಡ್ರಮ್ಮಿನಲ್ಲಿ ಮಡಕೆ ಸುಟ್ಟಿದ್ದೇನೆ. ಅದರಲ್ಲಿ ನಾಲ್ಕು ಸಲ ಸಿಕ್ಕಿದ್ದು ಚೂರು ಮತ್ತು ಹೆಂಡತಿಯ ನಗು. ಉಳಿದ ಏಳು ಸಲ ಒಂದೊಂದು ಮಡಕೆಯ ಮೇಲೂ ಬೇರೆ ಬೇರೆ ಬಣ್ಣ. ಇಟ್ಟಿಗೆ ಕೆಂಪು, ಕಿತ್ತಳೆ, ಬೂದಿ, ಹೊಗೆಗಪ್ಪು, ಕೆಲವು ಕಡೆ ಪುನರ್ಪುಳಿ ನೀರಿನ ಹಾಗೆ ಕಡುಗೆಂಪು. ಬಣ್ಣದ ಡಬ್ಬಿ ಇಲ್ಲ, ಗಾಜಿನ ಲೇಪ ಇಲ್ಲ, ಕರೆಂಟಿನ ಕುಲುಮೆ ಇಲ್ಲ. ಕ್ರಮ ಇಷ್ಟೇ: ಒಂದು ಸಲ ಸುಟ್ಟು ಗಟ್ಟಿಯಾದ ಮಡಕೆಯನ್ನು ಡ್ರಮ್ಮಿನಲ್ಲಿ ಮರದ ಹುಡಿ, ಉಪ್ಪು, ಮೈಲುತುತ್ತು, ಸಿಪ್ಪೆ, ಕಸಕಡ್ಡಿಗಳ ನಡುವೆ ಹುಗಿದು ಎರಡನೇ ಸಲ ಬೆಂಕಿ ಕೊಡುವುದು. ಬೆಂಕಿ, ಹೊಗೆ, ಉಪ್ಪಿನ ಆವಿ ಸೇರಿ ಮಣ್ಣಿನ ಮೇಲೆ ಬಣ್ಣ ಕೂರಿಸುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಸುಟ್ಟ ಮಡಕೆ ನೋಡಲಿಕ್ಕೆ ಮಾತ್ರ. ಇದರಲ್ಲಿ ಸಾರು ಕಾಯಿಸಬೇಡಿ, ಮಜ್ಜಿಗೆ ಇಡಬೇಡಿ, ಅಕ್ಕಿಯನ್ನೂ ಹಾಕಿಡಬೇಡಿ. ಮೈಮೇಲೆ ತಾಮ್ರ ಇರುತ್ತದೆ, ಮೈತುಂಬ ಸಣ್ಣ ಸಣ್ಣ ತೂತು ಇರುತ್ತದೆ. ನೀರು ನಿಲ್ಲುವುದೂ ಇಲ್ಲ. ಒಣಹೂ ಇಡಿ, ಸುಮ್ನೆ ಇಡಿ.

ಮಣ್ಣಿನ ವಿಷಯದಲ್ಲಿ ನನ್ನ ಗುರು ನಮ್ಮೂರಿನ ಕುಂಬಾರರ ಮನೆಯ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ‘ಮಾಷ್ಟ್ರೇ’ ಅಂತಲೇ ಕರೆಯುವುದು. ನಾನು ಮೊದಲ ಸಲ ತೋರಿಸಿದ ಹೂಜಿಯನ್ನು ಬೆರಳಿನಿಂದ ತಟ್ಟಿ, "ಮಾಷ್ಟ್ರೇ, ಇದಕ್ಕೆ ಹೊಯಿಗೆ ಸಾಲದು, ಬೆಂಕಿ ಕಂಡರೆ ಹೆದರುತ್ತದೆ" ಅಂದರು. ಹೊಯಿಗೆ ಅಂದರೆ ಮರಳು. ನಿಜವೇ. ನಯವಾದ ಮಣ್ಣಿನಲ್ಲಿ ಮಾಡಿದ್ದೆ. ಡ್ರಮ್ಮಿನ ಬೆಂಕಿ ಒಂದು ಕಡೆ ಧಗ್ ಅಂತ ಏರುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ. ಮಣ್ಣಿನೊಳಗಿನ ಬೆಣಚು ಹರಳು 573 ಡಿಗ್ರಿ ಸೆಲ್ಸಿಯಸ್ ದಾಟುವಾಗ ತಟ್ಟನೆ ಹಿಗ್ಗುತ್ತದೆ, ತಣಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತದೆ. ಮಡಕೆಯ ಒಂದು ಮಗ್ಗುಲು ದಾಟಿ ಇನ್ನೊಂದು ಮಗ್ಗುಲು ದಾಟದೆ ಉಳಿದರೆ ಬಿರುಕು ಗ್ಯಾರಂಟಿ. ನಾನೀಗ ಐದು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಹೊಯಿಗೆ ಅಥವಾ ಹಳೆ ಓಡು ಕುಟ್ಟಿದ ಹುಡಿ ಸೇರಿಸುತ್ತೇನೆ. ಮುರಿದ ಮಂಗಳೂರು ಹೆಂಚು ಇದ್ದರೆ ಅದೇ ಒಳ್ಳೆಯದು. ಈಗಾಗಲೇ ಸುಟ್ಟ ಮಣ್ಣು, ಮತ್ತೆ ಕುಗ್ಗುವುದಿಲ್ಲ. ಆಕಾರ ದುಂಡಗಿರಲಿ. ತಟ್ಟೆಯ ಹಾಗೆ ಚಪ್ಪಟೆ ಇದ್ದದ್ದೆಲ್ಲ ನನ್ನಲ್ಲಿ ಒಡೆದಿದೆ.

ಇನ್ನು ನುಣುಪು. ಬಣ್ಣ ಎದ್ದು ಕಾಣುವುದು ನುಣುಪು ಮೈಯಲ್ಲಿ ಮಾತ್ರ. ಮಡಕೆ ಅರ್ಧ ಒಣಗಿ, ಉಗುರು ಒತ್ತಿದರೆ ಗುರುತು ಮಾತ್ರ ಬೀಳುವ ಹದದಲ್ಲಿ ಇರುವಾಗ ಹೊಳೆಯ ನುಣುಪು ಕಲ್ಲಿನಿಂದ ಉಜ್ಜಬೇಕು. ನನ್ನ ಕಲ್ಲು ಶಿರಿಯ ಹೊಳೆಯಲ್ಲಿ ಸಿಕ್ಕಿದ್ದು, ಹುಣಿಸೆ ಬೀಜದ ಬಣ್ಣದ್ದು, ಅದನ್ನು ಯಾರಿಗೂ ಕೊಡುವುದಿಲ್ಲ. ಕಲ್ಲು ಇಲ್ಲದವರಿಗೆ ಸ್ಟೀಲ್ ಚಮಚದ ಬೆನ್ನು ಸಾಕು.

ಕಲ್ಲು ಉಜ್ಜುವ ತಾಳ್ಮೆ ಇಲ್ಲವಾದರೆ ಮಣ್ಣಿನ ಕೆನೆ ಬಳಿಯಿರಿ. 1 ಕಿಲೋ ಒಣಮಣ್ಣಿನ ಹುಡಿಗೆ ಎರಡೂವರೆ ಲೀಟರ್ ಮಳೆನೀರು, ಒಂದು ಚಮಚ ಬಟ್ಟೆ ಸೋಡ. ಚೆನ್ನಾಗಿ ಕಲಸಿ ಒಂದು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ 20 ಗಂಟೆ ಅಲುಗಾಡಿಸದೆ ಇಡಿ. ಸೋಡ ಹಾಕಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟುವುದಿಲ್ಲ, ದಪ್ಪದ್ದು ತಳಕ್ಕೆ ಹೋಗುತ್ತದೆ, ತೀರಾ ನಯವಾದದ್ದು ನೀರಿನಲ್ಲೇ ತೇಲುತ್ತದೆ. ಮೇಲಿನ ತೆಳುನೀರು ಚೆಲ್ಲಿ, ನಡುವಿನ ಹಾಲಿನಂಥ ಪದರವನ್ನು ಸಣ್ಣ ಪೈಪಿನಿಂದ ಎಳೆದುಕೊಳ್ಳಿ. ತಳದ ಗಸಿಯನ್ನು ಕಲಕಬೇಡಿ. ಪೂರ್ತಿ ಒಣಗಿದ ಮಡಕೆಗೆ ಮೆತ್ತಗಿನ ಕುಂಚದಲ್ಲಿ ಮೂರು ಸಲ ಬಳಿದು, ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಉಜ್ಜಿದರೆ ಕನ್ನಡಿಯ ಹಾಗೆ ಮಿಂಚುತ್ತದೆ. ನಮ್ಮ ಗುಡ್ಡದ ಕೆಂಪುಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಅದರ ಕೆನೆ ಸುಟ್ಟ ಮೇಲೆ ಗಾಢ ಕೆಂಪಾಗುತ್ತದೆ. ಆದರೆ ಮೈಲುತುತ್ತಿನ ಆಟ ಕಾಣಬೇಕಾದರೆ ಬಿಳಿ ಜೇಡಿಯ ಕೆನೆಯೇ ಸರಿ. ಕೆಂಪಿನ ಮೇಲೆ ಕೆಂಪು ಬಿದ್ದರೆ ಯಾರಿಗೆ ಕಾಣುತ್ತದೆ?

ಮೊದಲ ಸಲ ಸುಡಲು ನಾನು ಅಕ್ಕನ ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಒಂದು ಮೂಲೆ ಕೇಳಿಕೊಳ್ಳುತ್ತೇನೆ. ಕರೆಂಟಿನ ಕುಲುಮೆ ಸಿಗುವವರು 900ರಿಂದ 950 ಡಿಗ್ರಿಯಲ್ಲಿ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಉಜ್ಜಿದ ಮಿಂಚು ಹೋಗುತ್ತದೆ, ಮಣ್ಣು ಬಿಗಿದುಕೊಂಡು ಹೊಗೆ ಕುಡಿಯುವುದಿಲ್ಲ. ಸುಟ್ಟದ್ದು ಸರಿಯಾಗಿದೆಯಾ ಅಂತ ನೋಡಲು ನಾಲಗೆ ತಾಗಿಸಿ. ಅಂಟಿ ಹಿಡಿದರೆ ಸರಿ ಇದೆ. ಬೆರಳಿನಿಂದ ತಟ್ಟಿ, ಟಣ್ ಅನ್ನಬೇಕು. ಡಬ್ ಅಂದರೆ ಎಲ್ಲೋ ಬಿರುಕಿದೆ, ಅದನ್ನು ಡ್ರಮ್ಮಿಗೆ ಹಾಕಬೇಡಿ.

ಡ್ರಮ್ಮು 200 ಲೀಟರಿನದ್ದು, ಗುಜರಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಎರಡು ವಿಚಾರ ನೋಡಿ. ಸತುವಿನ ಲೇಪ ಇರುವ ಬೆಳ್ಳಿ ಬಣ್ಣದ ಡ್ರಮ್ಮು ಬೇಡವೇ ಬೇಡ, ಬಿಸಿಯಾದರೆ ಅದರ ಹೊಗೆ ಕುಡಿದು ಜ್ವರ ಬರುತ್ತದೆ. ಪೆಟ್ರೋಲು, ಥಿನ್ನರು, ಕೀಟನಾಶಕ ಇದ್ದ ಡ್ರಮ್ಮೂ ಬೇಡ. ತೂತು ಕೊರೆಯುವಾಗಲೇ ಸಿಡಿಯಬಹುದು. ಬೆಲ್ಲದ ಪಾಕ, ಅಡುಗೆ ಎಣ್ಣೆ ಇದ್ದದ್ದು ಸಿಕ್ಕರೆ ಅದೃಷ್ಟ. ಮೇಲಿನ ಮುಚ್ಚಳವನ್ನು ವೆಲ್ಡಿಂಗ್ ಅಂಗಡಿಯಲ್ಲಿ ಪೂರ್ತಿ ಕತ್ತರಿಸಿ, ಅದನ್ನೇ ಮುಚ್ಚಲು ಇಟ್ಟುಕೊಳ್ಳಿ. ತಳದಿಂದ ಅರ್ಧ ಗೇಣು ಮೇಲೆ, ಅಂದರೆ ಸುಮಾರು 10 ಸೆಂಟಿಮೀಟರ್ ಎತ್ತರದಲ್ಲಿ, ಸುತ್ತಲೂ 12 ತೂತು. ಒಂದೊಂದೂ ಹೆಬ್ಬೆರಳು ಹೋಗುವಷ್ಟು. ಹೊಸದಾಗಿ ತಂದ ಡ್ರಮ್ಮಿನಲ್ಲಿ ಮಡಕೆ ಇಲ್ಲದೆ ಒಂದು ಸಲ ಬರೀ ಕಸ ಉರಿಸಿ, ಪೈಂಟು ಸುಟ್ಟು ಹೋಗಲಿ. ನಾನು ಅದನ್ನು ಮಾಡದೆ ಮೊದಲನೇ ಸಲ ಸುಟ್ಟಾಗ ನೀಲಿ ಪೈಂಟಿನ ಹೊಗೆ ಪಕ್ಕದ ಮನೆಯ ಅಂಗಳದ ಅಡಿಕೆಯ ಮೇಲೆ ಹೋಗಿ ಕೂತಿತ್ತು. ಮೂರು ದಿನ ಅವರು ಮಾತಾಡಲಿಲ್ಲ.

ಈಗ ಬಣ್ಣದ ಸಾಮಾನು. ಇದರಲ್ಲಿ ನನಗೆ ಹೆಚ್ಚು ಖುಷಿ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೈಲುತುತ್ತಿನಲ್ಲಿರುವುದು ತಾಮ್ರ. ಬಿಸಿಯಾದ ಹಾಗೆ ಹರಳಿನೊಳಗಿನ ನೀರು ಹಾರಿ ನೀಲಿ ಹೋಗಿ ಬಿಳಿ ಹುಡಿಯಾಗುತ್ತದೆ. 650 ಡಿಗ್ರಿಯ ಆಸುಪಾಸಿನಲ್ಲಿ ಗಂಧಕದ ಹೊಗೆ ಬಿಟ್ಟು ತಾಮ್ರದ ಆಕ್ಸೈಡ್ ಉಳಿಯುತ್ತದೆ. ಗಾಳಿ ಧಾರಾಳ ಸಿಕ್ಕಿದರೆ ಅದು ಕಪ್ಪು, ಹಸಿರು. ಗಾಳಿ ಕಮ್ಮಿಯಾಗಿ ಹೊಗೆ ಮುತ್ತಿಕೊಂಡರೆ ಅದೇ ತಾಮ್ರ ಕೆಂಪಾಗುತ್ತದೆ. ಉಪ್ಪು ಜೊತೆಗಿದ್ದರೆ ಇನ್ನೂ ಚೆಂದ. ಉಪ್ಪಿನ ಕ್ಲೋರಿನ್ ತಾಮ್ರವನ್ನು ಆವಿ ಮಾಡಿ ಎತ್ತಿಕೊಂಡು ಹೋಗಿ ಮಡಕೆಯ ಮೈಮೇಲೆ ಬೀಸಿದ ಹಾಗೆ ಹಚ್ಚುತ್ತದೆ. ಚುಕ್ಕೆ ಚುಕ್ಕೆಯಾಗಿ ಬೀಳುವ ಬದಲು ಮೋಡದ ಹಾಗೆ ಹರಡುತ್ತದೆ. ಎಂಟು ಹತ್ತು ಮಧ್ಯಮ ಗಾತ್ರದ ಮಡಕೆ ಹಿಡಿಯುವ ಒಂದು ಡ್ರಮ್ಮಿಗೆ ಅರ್ಧ ಕಿಲೋ ಕಲ್ಲುಪ್ಪು, 150 ಗ್ರಾಂ ಮೈಲುತುತ್ತು ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಕೆಂಪು ಬರುತ್ತದೆ ಅಂತ ನಾನು ಮೂರನೇ ಸಲ ಮುಕ್ಕಾಲು ಕಿಲೋ ಸುರಿದೆ. ಬಂದದ್ದು ಕರಿ ಹೆಕ್ಕಳೆ, ಅದರ ಮೇಲೆ ಹಸಿರು ಕಿಲುಬು.

ಉಪ್ಪಿನ ಹಗ್ಗ ನನ್ನ ಮೆಚ್ಚಿನದ್ದು. 1 ಲೀಟರ್ ಬಿಸಿನೀರಿಗೆ 350 ಗ್ರಾಂ ಉಪ್ಪು ಹಾಕಿ ಕರಗಿಸಿ, ತೆಂಗಿನ ನಾರಿನ ಸಪೂರ ಹುರಿಯನ್ನು ಒಂದು ರಾತ್ರಿ ಅದರಲ್ಲಿ ಮುಳುಗಿಸಿಟ್ಟು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ. ಮಡಕೆಗೆ ಬಿಗಿಯಾಗಿ ಸುತ್ತಿ. ಹುರಿ ಉರಿದು ಹೋಗುತ್ತದೆ, ಅದು ಇದ್ದ ಜಾಗದಲ್ಲಿ ಹಳದಿ ಕಿತ್ತಳೆ ಗೆರೆ ಉಳಿಯುತ್ತದೆ. ತಾಮ್ರದ ತಂತಿ ಸುತ್ತಿದರೆ ಕಪ್ಪು ಗೆರೆ, ಅದರ ಅಂಚಿಗೆ ನಸುಗೆಂಪು. ಪಂಪಿನ ಮೋಟಾರು ರಿವೈಂಡ್ ಮಾಡುವವರಲ್ಲಿ ಹಳೆ ತಂತಿ ಕೇಳಿ, ವಾರ್ನಿಶು ಸುಟ್ಟು ಬಳಸಿ. ನೇಂದ್ರಬಾಳೆ ಸಿಪ್ಪೆ ಒಣಗಿಸಿ ಮಡಕೆಗೆ ತಾಗಿಸಿ ಇಟ್ಟರೆ ಬೂದಿ ಬಿಳಿ ನೆರಳು ಬೀಳುತ್ತದೆ. ಒಮ್ಮೆ ಬೇಕಲದ ಕಡೆಗೆ ಹೋದಾಗ ದಡಕ್ಕೆ ಬಿದ್ದ ಕಡಲಪಾಚಿಯನ್ನು ಒಂದು ಚೀಲ ತುಂಬಿ ತಂದೆ. ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು. ಆದರೆ ಆ ಪಾಚಿ ಸುತ್ತಿದ ಹೂಜಿಯ ಮೇಲೆ ಬಂದ ಪೀಚು ಬಣ್ಣ ಮತ್ತೆ ಬೇರೆ ಯಾವುದರಲ್ಲೂ ಸಿಗಲಿಲ್ಲ. ಕಬ್ಬಿಣದ ಕಂದು ಬೇಕಾದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಒಂದು ಚಮಚವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಕುಂಚದಿಂದ ಚಿಮುಕಿಸಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಾಕಿ ನೋಡಿದೆ, ಏನೂ ಆಗಲಿಲ್ಲ. ತುಕ್ಕು ಹಿಡಿಯುವ ಕಬ್ಬಿಣದ ನಾರೇ ಆಗಬೇಕು.

ಮೈಲುತುತ್ತು ಬರಿಗೈಯಲ್ಲಿ ಮುಟ್ಟಬೇಡಿ, ಕುಟ್ಟುವಾಗ ಹುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ. ಆದರೆ ಬೆಂಕಿ ಹತ್ತಿದ ಮೇಲೆ ಬರುವ ಗಂಧಕದ, ಉಪ್ಪಿನ ಹೊಗೆಯನ್ನು ಆ ಮಾಸ್ಕ್ ತಡೆಯುವುದಿಲ್ಲ. ಮುಖಕ್ಕೆ ಒದ್ದೆ ಬೈರಾಸು (ಟವೆಲು) ಕಟ್ಟಿದರೂ ತಡೆಯುವುದಿಲ್ಲ. ಗಾಳಿ ಬರುವ ಕಡೆ ನಿಲ್ಲುವುದೊಂದೇ ದಾರಿ. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ಊರು ನಮ್ಮದು. ಮದ್ದಿನ ವಿಷಯದಲ್ಲಿ ‘ಏನಾಗುವುದಿಲ್ಲ ಬಿಡಿ’ ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಮಕ್ಕಳು, ಉಬ್ಬಸ ಇರುವವರು ಆ ದಿನ ಅಂಗಳಕ್ಕೆ ಬರಬಾರದು.

ಸೌದೆಗೆ ನಮ್ಮಲ್ಲಿ ಬರಗಾಲ ಇಲ್ಲ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಗೆರಟೆ (ತೆಂಗಿನ ಚಿಪ್ಪು), ಒಣ ಮಡಲು (ತೆಂಗಿನ ಗರಿ), ಅಡಿಕೆ ಹಾಳೆ. ಎಲ್ಲ ಚಟಚಟ ಅನ್ನುವಷ್ಟು ಒಣಗಿರಬೇಕು. ಗೆರಟೆ ಗಟ್ಟಿ ಬಿಸಿ ಕೊಡುತ್ತದೆ, ಅಡಿಕೆ ಸಿಪ್ಪೆ ನಿಧಾನಕ್ಕೆ ಹೊಗೆಯಾಡುತ್ತದೆ. ಗೇರುಬೀಜದ ಸಿಪ್ಪೆ ಮಾತ್ರ ಹಾಕಬೇಡಿ. ಉರಿಯೇನೋ ಜೋರು, ಆದರೆ ಅದರ ಎಣ್ಣೆಯ ಹೊಗೆ ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ.

ತುಂಬುವ ಕ್ರಮ ಹೀಗೆ. ತಳಕ್ಕೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಮರದ ಹುಡಿ. ಮಿಲ್ಲಿನಿಂದ ತರುವಾಗ ಪ್ಲೈವುಡ್ಡಿನ ಹುಡಿ ಸೇರಿಲ್ಲ ಅಂತ ಕೇಳಿಕೊಳ್ಳಿ. ಅದರ ಮೇಲೆ ಉಪ್ಪು, ಮೈಲುತುತ್ತು ಅರ್ಧರ್ಧ ಚಿಮುಕಿಸಿ. ದೊಡ್ಡ, ದಪ್ಪ ಮಡಕೆಗಳನ್ನು ಅಡ್ಡ ಮಲಗಿಸಿ, ಅರ್ಧ ಹುಡಿಯಲ್ಲಿ ಹೂತಿರಲಿ. ಹೂತ ಭಾಗ ಕಪ್ಪಾಗುತ್ತದೆ, ಮೇಲಿನ ಭಾಗಕ್ಕೆ ಬಣ್ಣ ಬರುತ್ತದೆ. ಮಡಕೆ ಡ್ರಮ್ಮಿನ ಗೋಡೆಗೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಿ. ಸಂದಿಗೆ ಅಡಿಕೆ ಸಿಪ್ಪೆ. ಆಮೇಲೆ ಉಳಿದ ಉಪ್ಪು, ಮೈಲುತುತ್ತು, ಮತ್ತೊಂದು ಸಾಲು ಸಣ್ಣ ಮಡಕೆ. ಎರಡೇ ಸಾಲು. ಮೂರನೇ ಸಾಲಿನ ಆಸೆಗೆ ಬಿದ್ದರೆ ಕೆಳಗಿನ ಸೌದೆ ಉರಿದು ಇಳಿಯುವಾಗ ಮೇಲಿನದು ಕೆಳಗಿನದರ ತಲೆ ಒಡೆಯುತ್ತದೆ. ಬಾಯಿಯ ತನಕ ಗೆರಟೆ, ಮಡಲು, ಕಡ್ಡಿ ಗೋಪುರದ ಹಾಗೆ ಪೇರಿಸಿ.

ಕಾಲ ಅಂದರೆ ಡಿಸೆಂಬರಿನಿಂದ ಮಾರ್ಚ್. ಮೇ ತಿಂಗಳ 24ರ ಹೊತ್ತಿಗೆ ಪತ್ತನಾಜೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ ಬರುತ್ತದಲ್ಲ, ಅದರ ನಂತರ ಮಳೆಗೆ ನಮ್ಮಲ್ಲಿ ಕಡ್ಡಿ ಗೀರಿದರೂ ಹತ್ತುವುದಿಲ್ಲ. ಬೆಳಗ್ಗೆ ಆರೂವರೆಗೆ ಬೆಂಕಿ ಕೊಡಿ. ಆಗ ಗಾಳಿ ಮೆಲ್ಲಗೆ ಮೂಡಿನಿಂದ ಇರುತ್ತದೆ. ಮಧ್ಯಾಹ್ನ ಪಡುಗಾಳಿ ಬೀಸಲು ಶುರುವಾಗುವ ಮೊದಲು ಡ್ರಮ್ಮು ಮುಚ್ಚಿ ಆಗಿರಬೇಕು. ಸುತ್ತ ಮೂರು ಮೀಟರ್ ನೆಲ ಗುಡಿಸಿ. ಗುಡ್ಡದ ಮುಳಿಹುಲ್ಲಿಗೆ ಒಂದು ಕಿಡಿ ಸಾಕು.

ಕಡ್ಡಿ ಗೀರುವುದು ಮೇಲಿನಿಂದ. ಕೆಳಗಿನ ತೂತಿನಲ್ಲಿ ಬೆಂಕಿ ಕೊಟ್ಟರೆ ತಣ್ಣನೆ ಮಡಕೆಗೆ ಒಮ್ಮೆಲೇ ಜ್ವಾಲೆ ತಾಗುತ್ತದೆ. ನನ್ನ ಮೊದಲ ಸಲದ ಆರು ಮಡಕೆ ಹೋದದ್ದು ಹಾಗೆ, ಕಾಳುಮೆಣಸು ಹುರಿದ ಹಾಗೆ ಪಟಪಟ ಸದ್ದು ಬಂತು. ಮೇಲಿನಿಂದ ಹಚ್ಚಿದರೆ ಬಿಸಿ ಮೆಲ್ಲಗೆ ಇಳಿಯುತ್ತದೆ. ಮೊದಲ ಮುಕ್ಕಾಲು ಗಂಟೆ ಬಾಯಿ ತೆರೆದಿರಲಿ, ಚೆನ್ನಾಗಿ ಉರಿಯಲಿ, ಬೇಕಾದರೆ ಎರಡು ಮೂರು ಸಲ ಗೆರಟೆ ಹಾಕಿ. ಬಣ್ಣ ಹುಟ್ಟಲು ಈ ಬಿಸಿ ಬೇಕು. ಡ್ರಮ್ಮಿನ ಹೊಟ್ಟೆ ಮಸುಕು ಕೆಂಪಾಗಿ ಕಂಡರೆ ಒಳಗೆ 700 ಡಿಗ್ರಿಯ ಹತ್ತಿರ ಬಂದಿದೆ ಅಂತ ನನ್ನ ಲೆಕ್ಕ.

ಆಮೇಲೆ ಮುಚ್ಚಳ. ನನ್ನ ಹನ್ನೊಂದು ಸಲದಲ್ಲಿ ಒಂದು ವಿಷಯ ಕಲಿತಿದ್ದರೆ ಅದು ಈ ಮುಚ್ಚಳ. ಎಂಥ ಮೈಲುತುತ್ತು ಹಾಕಿದರೂ ಮುಚ್ಚುವ ಹೊತ್ತು ತಪ್ಪಿದರೆ ಎಲ್ಲ ಹೋಯಿತು. ಜ್ವಾಲೆ ಎದ್ದಿರುವಾಗಲೇ ಮುಚ್ಚಿದರೆ ಹೊಗೆಯ ಇಂಗಾಲ ಎಲ್ಲದರ ಮೇಲೂ ಕೂತು ಮಡಕೆ ಪೂರ್ತಿ ಕಪ್ಪು. ನಮ್ಮ ಸಂತೆಯಲ್ಲಿ ಸಿಗುವ ಕಪ್ಪು ಚಟ್ಟಿಯ ಹಾಗೆ. ತಡ ಮಾಡಿದರೆ ಗಾಳಿ ಒಳಗೆ ನುಗ್ಗಿ ಇಂಗಾಲವನ್ನೂ ಸುಡುತ್ತದೆ, ತಾಮ್ರದ ಕೆಂಪನ್ನೂ ಕಪ್ಪು ಹಸಿರಿಗೆ ತಿರುಗಿಸುತ್ತದೆ. ಮೇಲಿನ ಸೌದೆ ಕುಸಿದು ಕೆಂಡವಾಗಿ, ಜ್ವಾಲೆ ಡ್ರಮ್ಮಿನ ಬಾಯಿಗಿಂತ ಕೆಳಗೆ ಇಳಿದು, ಅಲ್ಲಲ್ಲಿ ಹಸಿರು ನಾಲಗೆ ಕಾಣಿಸುತ್ತದೆ. ಆ ಹಸಿರು ತಾಮ್ರದ್ದು. ಆಗ ಮುಚ್ಚಬೇಕು. ಮೊದಲು ಒಂದು ಕಲ್ಲು ಅಡ್ಡ ಇಟ್ಟು ಎರಡು ಬೆರಳು ಸಂದಿ ಬಿಡಿ, ಹತ್ತು ನಿಮಿಷ ಕಳೆದು ಪೂರ್ತಿ ಮುಚ್ಚಿ. ಕೆಳಗಿನ ತೂತುಗಳಿಗೆ ಹಸಿಮಣ್ಣು ಮೆತ್ತಿ. ಗಾಳಿ ಬರುವ ಕಡೆಯ ತೂತನ್ನು ಮೊದಲು.

ಇದು ಹೊಸ ವಿದ್ಯೆ ಏನಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಒಳಗೆ, ಬಾಯಿಯ ಹತ್ತಿರ ಕಪ್ಪು, ಕೆಳಗೆ ಕೆಂಪು ಇರುವ ಮಡಕೆಗಳು ಸಿಕ್ಕಿವೆ. 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದಾಗಲೂ ಇಂಥವು ಬಂದವು. ಬಾಯಿ ಕೆಳಗೆ ಮಾಡಿ ಸುಟ್ಟರೆ ಗಾಳಿ ಸಿಗದ ಭಾಗ ಕಪ್ಪು, ಸಿಕ್ಕಿದ ಭಾಗ ಕೆಂಪು ಅಂತ ವಿದ್ವಾಂಸರ ವಿವರಣೆ. ನಾನು ಒಂದು ಕುಡಿಕೆಯನ್ನು ಮರದ ಹುಡಿಯಲ್ಲಿ ಬೋರಲು ಹಾಕಿ ಸುಟ್ಟು ನೋಡಿದೆ. ಹಾಗೇ ಬಂತು. ಅದನ್ನು ಕಂಡು ಅಕ್ಕ ಮೊದಲ ಸಲ "ಇದು ಮಡಕೆ" ಅಂದರು.

ಮುಚ್ಚಿದ ಮೇಲೆ ಮಾಡಬೇಕಾದದ್ದು ಕಾಯುವುದು. ಕಷ್ಟದ ಕೆಲಸ ಇದೇ. ಮರುದಿನ ಬೆಳಗ್ಗೆ ಡ್ರಮ್ಮಿನ ಹೊಟ್ಟೆಗೆ ಅಂಗೈ ಇಟ್ಟು ಹತ್ತು ಎಣಿಸಲು ಆಗಬೇಕು, ಆಗ ತೆರೆಯಿರಿ. ಐದನೇ ಸಲ ಬೆಂಗಳೂರಿನಿಂದ ಬಂದ ಮಗಳಿಗೆ ತೋರಿಸುವ ಆತುರದಲ್ಲಿ ಸಂಜೆಯೇ ತೆರೆದೆ. ಅತ್ಯಂತ ಚೆಂದದ ಹೂಜಿ ಕಣ್ಣೆದುರಿಗೇ ‘ಟಿಂಗ್’ ಅಂದು ಎರಡಾಯಿತು. "ಅಪ್ಪಾ, ನಾನು ನಾಳೆಯೂ ಇರುತ್ತಿದ್ದೆನಲ್ಲ" ಅಂದಳು.

ತೆಗೆದ ಮಡಕೆಯ ಬೂದಿಯನ್ನು ಒಣ ಕುಂಚದಿಂದ ಗುಡಿಸಿ, ಆಮೇಲೆ ನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿ. ಈಗ ಬಣ್ಣ ಪೇಲವವಾಗಿ ಕಾಣುತ್ತದೆ, ಬೇಜಾರು ಬೇಡ. ಮಡಕೆಯನ್ನು ಬಿಸಿಲಿಗಿಟ್ಟು ಬೆಚ್ಚಗೆ ಮಾಡಿ ಜೇನುಮೇಣ ತಿಕ್ಕಿ ಬಟ್ಟೆಯಿಂದ ಉಜ್ಜಿದರೆ ಒಳಗಿನ ಕೆಂಪು ಎದ್ದು ಬರುತ್ತದೆ. ತುಡುವೆ ಜೇನು ಸಾಕುವವರ ಹತ್ತಿರ ಮೇಣ ಸಿಗುತ್ತದೆ. ತೆಂಗಿನೆಣ್ಣೆ ಹಚ್ಚಿ ನೋಡಿದ್ದೇನೆ. ಒಂದು ವಾರ ಮಿಂಚಿತು, ಆಮೇಲೆ ಕಮಟು ವಾಸನೆ, ಇರುವೆ ಸಾಲು.

ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಯಾವ ಮಡಕೆ ಎಲ್ಲಿತ್ತು, ಏನು ಸುತ್ತಿದ್ದಿರಿ, ಎಷ್ಟು ಗಂಟೆಗೆ ಮುಚ್ಚಿದಿರಿ, ಗಾಳಿ ಯಾವ ಕಡೆಯದು, ಎಲ್ಲ ಬರೆಯಿರಿ. ತಳಕ್ಕೆ ಮೊಳೆಯಿಂದ ನಂಬರ್ ಗೀರಿಡಿ, ಪೆನ್ಸಿಲ್ ಗುರುತು ಉಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಉಪ್ಪನ್ನೂ ಬದಲಿಸಿ ಮುಚ್ಚುವ ಹೊತ್ತನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದು ಹೇಗೆ? ನನ್ನ ಪುಸ್ತಕದ ಪ್ರಕಾರ 7:25ಕ್ಕೆ ಮುಚ್ಚಿದ ಎಂಟನೇ ಸಲವೇ ಅತಿ ಒಳ್ಳೆಯ ಕೆಂಪು ಕೊಟ್ಟದ್ದು. ಅದೇ ಹೊತ್ತು, ಅದೇ ಅಳತೆ ಇಟ್ಟುಕೊಂಡು ಒಂಬತ್ತನೇ ಸಲ ಸುಟ್ಟೆ. ಬಂದದ್ದು ಕಿತ್ತಳೆ. ಆ ದಿನ ಮಂಜು ಬಿದ್ದಿತ್ತು ಅಂತ ಪುಸ್ತಕದಲ್ಲಿ ಬರೆದಿದೆ.

ಕೊನೆಗೆ ಡ್ರಮ್ಮಿನ ತಳದ ಬೂದಿ. ಬೂದಿ ಅಂದ ಕೂಡಲೇ ಬಸಳೆ ಬುಡಕ್ಕೆ ಹಾಕುವ ಅಭ್ಯಾಸ ನಮ್ಮದು. ಇದನ್ನು ಹಾಕಬೇಡಿ, ಕೆರೆಯ ಹತ್ತಿರವೂ ಒಯ್ಯಬೇಡಿ. ತಾಮ್ರ ನೀರಿಗೆ ಸೇರಿದರೆ ಮೀನು ಸಾಯುತ್ತದೆ. ನಾನು ಅದನ್ನು ಹಳೆ ಪೈಂಟ್ ಡಬ್ಬದಲ್ಲಿ ತುಂಬಿ, ಗಟ್ಟಿ ಮುಚ್ಚಿ, ಮುಂದಿನ ಸಲ ಮೈಲುತುತ್ತಿನ ಜೊತೆ ಮತ್ತೆ ಡ್ರಮ್ಮಿಗೇ ಹಾಕುತ್ತೇನೆ. ಡಬ್ಬದ ಮೇಲೆ ‘ಬಸಳೆಗೆ ಅಲ್ಲ’ ಅಂತ ಹೆಂಡತಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ.